ಬಿದ್ದ ಬಾಳೆಯ ಬುಡ ಓದುವ ಉಚ್ಚೆಂಗಪ್ಪ

ಬೆಳಗಿನ ಐದೂವರೆ. ರಾತ್ರಿ ಬೀಸಿದ ಗಾಳಿ ಈಗ ತಣ್ಣಗಾಗಿದೆ. ಕಮಲಾಪುರದಿಂದ ಕಂಪ್ಲಿಗೆ ಹೋಗುವ ರಸ್ತೆಯಿಂದ ಎರಡು ಮೈಲಿ ಒಳಗಿರುವ ಹೊಳೆಸಾಲು ಎಂಬ ಊರಿನಲ್ಲಿ ಗುಡಿಯ ಗಂಟೆ ಇನ್ನೂ ಬಾರಿಸಿಲ್ಲ. ಉಚ್ಚೆಂಗಪ್ಪ ಚರ್ಮದ ಹಲಗೆಯನ್ನು ಹೆಗಲಿಗೆ ತೂಗುಹಾಕಿ, ಸುಣ್ಣದ ಡಬ್ಬಿಯನ್ನು ಕೈಲಿ ಹಿಡಿದು ಮನೆಯಿಂದ ಹೊರಬೀಳುತ್ತಾರೆ. ಊರ ನಡುವಿನ ಕಟ್ಟೆಯ ಕಡೆಗೆ ತಿರುಗುವುದಿಲ್ಲ. ನೆಟ್ಟಗೆ ಕಾಲುವೆಗೆ ಬರುತ್ತಾರೆ. ಎರಡು ಕಲ್ಲುಚಪ್ಪಡಿ ಹಾಸಿದ ಕಿರುಸೇತುವೆಯನ್ನು ದಾಟಿ, ಬಾಳೆತೋಟದ ಬದುವಿನ ಮೇಲೆ ನಿಂತು ಹಲಗೆಗೆ ಮೂರು ಪೆಟ್ಟು ಹಾಕುತ್ತಾರೆ.

"ಕೇಳ್ರಪ್ಪೋ ಕೇಳ್ರಿ! ಬಿದ್ದ ಬಾಳಿ ಬಿದ್ದಲ್ಲೇ ಇರ್ಲಿ! ಕಡಿಯೋ ಕುಡಗೋಲು ಮನಿಯಾಗಿರ್ಲಿ! ಅಳತಿ ಮಾಡೋರು ಬರೋತನಕ ಯಾರೂ ಕೈ ಹಚ್ಚಬ್ಯಾಡ್ರೋ!"

ಕೂಗಿ ಮುಗಿಸಿ ಸುಮ್ಮನೆ ನಿಲ್ಲುತ್ತಾರೆ. ತೋಟದ ನಡುವೆ ಒಂದು ಹಂಚಿನ ಮನೆ ಇದೆ. ಅದರ ಬಾಗಿಲು ಇನ್ನೂ ತೆರೆದಿಲ್ಲ. ಇಡೀ ಊರು ಆಚೆ ದಡದಲ್ಲಿ ಮಲಗಿದೆ. ಈ ದಡದಲ್ಲಿರುವುದು ಇದೊಂದೇ ಮನೆ. ಆದರೂ ಗಾಳಿ ಬಿಟ್ಟ ಬೆಳಿಗ್ಗೆ ಉಚ್ಚೆಂಗಪ್ಪನವರ ಡಂಗುರ ಶುರುವಾಗುವುದು ಇಲ್ಲಿಂದಲೇ. ಹೋದ ವರ್ಷದ ಬೇಸಿಗೆಯವರೆಗೆ ಹೀಗಿರಲಿಲ್ಲ.

ಐವತ್ತೇಳರ ಉಚ್ಚೆಂಗಪ್ಪ ಈ ಊರಿನ ಗ್ರಾಮ ಸಹಾಯಕ. ಕಂದಾಯ ಇಲಾಖೆಯ ಏಣಿಯಲ್ಲಿ ಅದು ನೆಲಕ್ಕೆ ತಾಗಿದ ಮೆಟ್ಟಿಲು. ನೋಟಿಸು ಮುಟ್ಟಿಸುವುದು, ಅಳತೆಯ ಸರಪಳಿ ಹಿಡಿಯುವುದು, ಹೊಳೆಗೆ ನೀರು ಬಿಟ್ಟರೆ ದಂಡೆಯವರನ್ನು ಎಬ್ಬಿಸುವುದು, ಬೆಳೆ ನಷ್ಟವಾದಾಗ ಅಧಿಕಾರಿಗಳಿಗೆ ಹೊಲದ ದಾರಿ ತೋರಿಸುವುದು ಅವರ ಕೆಲಸ. ಆರುನೂರ ನಲವತ್ತು ಮನೆ, ನಾನೂರು ಮೀರಿದ ಸರ್ವೆ ನಂಬರು, ಎಲ್ಲವೂ ಅವರಿಗೆ ಬಾಯಿಪಾಠ. ಸಾಮಾನ್ಯ ದಿನಗಳಲ್ಲಿ ಎಂಟು-ಒಂಬತ್ತು ಕಿಲೋಮೀಟರು, ಸಮೀಕ್ಷೆಯ ದಿನಗಳಲ್ಲಿ ಅದರ ಎರಡರಷ್ಟು ನಡಿಗೆ. ತಿಂಗಳಿಗೆ ಹದಿನೈದು ಸಾವಿರ ಗೌರವಧನ. ಸರ್ಕಾರದ ಪರಿಹಾರ ಯಾರಿಗೆ ಬಂತು ಎಂಬ ಸುದ್ದಿ ಪೇಪರಿನಲ್ಲಿ ಬರುತ್ತದೆ. ಅದು ಬರುವುದಕ್ಕೆ ಕಾಲು ಸವೆಸಿದವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಈಗ ಎಲ್ಲ ಊರಲ್ಲೂ ವಾಟ್ಸಾಪ್ ಗುಂಪುಗಳಿವೆಯಲ್ಲ, ಹಲಗೆ ಯಾಕೆ ಎಂದು ಕೇಳಿದರೆ ಅವರು ನಗುತ್ತಾರೆ. "ವಾಟ್ಸಾಪ್ ನೋಡೋರು ಮೊಮ್ಮಕ್ಕಳ್ರಿ. ಬಿದ್ದ ಗಿಡ ಕಡಿಯೋದು ಅಜ್ಜಿ. ಅಜ್ಜಿಗಿ ಮುಟ್ಟಬೇಕಂದ್ರ ಹಲಗೀನ ಬೇಕು."

ಹೆಂಡತಿ ಹುಲುಗಮ್ಮ ಒಳಗಿನಿಂದ ಮಾತು ಸೇರಿಸುತ್ತಾರೆ: "ಆ ಹಲಗಿ ನನ್ನ ಸವತಿ ಐತ್ರಿ. ಮಳಿ ಹನಿ ಬಿದ್ರ ಮೊದ್ಲ ಅದನ್ನ ಒಳಗ ತರ್ತಾರ. ಒಣಗಿದ ನನ್ನ ಸೀರಿ ಆಮ್ಯಾಲ."

ಹಲಗೆ ಅಪ್ಪನಿಂದ ಬಂದದ್ದು. ಅಪ್ಪ ತಳವಾರಿಕೆ ಮಾಡಿದವರು. ಶ್ರಾವಣದಲ್ಲಿ ಮಠದ ಪುರಾಣಕ್ಕೆ ತಪ್ಪದೆ ಹೋಗಿ, ಮುಂದೆ ಕುಳಿತು ಹೂಂಗುಟ್ಟಿದವರು. ಕೇಳುವವರು ಹೂಂ ಅನ್ನದಿದ್ದರೆ ಪುರಾಣ ಹೇಳುವವರು ಮುಂದಿನ ಪದ್ಯಕ್ಕೆ ಹೋಗುತ್ತಿರಲಿಲ್ಲವಂತೆ. ಅಪ್ಪ ಮಗನಿಗೆ ಕಲಿಸಿದ್ದೂ ಅದನ್ನೇ. "ಕೂಗಿದ ಕೂಡ್ಲೆ ನಿನ್ನ ಕೆಲಸ ಮುಗೀಲಿಲ್ಲಲೇ. ಕೇಳಿದೋರು ಹೂಂ ಅಂದ್ರ ಮುಗೀತು." ಮೂವತ್ತೊಂದು ವರ್ಷದ ಸೇವೆಯಲ್ಲಿ ಆ ಮಾತನ್ನು ಮರೆತದ್ದು ಒಂದೇ ಸಲ ಎನ್ನುತ್ತಾರೆ ಉಚ್ಚೆಂಗಪ್ಪ. ಆ ಒಂದು ಸಲದ ಬೆಲೆ ತೆರಬೇಕಾಗಿ ಬಂದದ್ದು ಮಾತ್ರ ಕಾಲುವೆಯಾಚೆಯ ಆ ಹಂಚಿನ ಮನೆಯ ಹೊಳೆಮ್ಮನಿಗೆ.

ಹೋದ ವರ್ಷ ಮೇ ತಿಂಗಳ ಒಂದು ಸಂಜೆ. ನೈರುತ್ಯದಿಂದ ಎದ್ದ ಗಾಳಿ ಅರ್ಧ ಗಂಟೆಯಷ್ಟೇ ಬೀಸಿತು. ಮಳೆ ನಾಲ್ಕು ಹನಿ. ಗಾಳಿ ನಿಂತಾಗ ಹೊಳೆಸಾಲಿನ ಸುತ್ತ ಗೊನೆ ಹೊತ್ತು ನಿಂತಿದ್ದ ಸುಗಂಧಿ ಬಾಳೆ ಸಾಲುಸಾಲಾಗಿ ಮಲಗಿತ್ತು. ಆಸರೆಗೆ ಕೊಟ್ಟ ಗಳಗಳು ಕಡ್ಡಿಯಂತೆ ಮುರಿದಿದ್ದವು. ಮರುದಿನ ಉಚ್ಚೆಂಗಪ್ಪ ಊರಿನ ನಾಲ್ಕೂ ಓಣಿಯಲ್ಲಿ ಡಂಗುರ ಹೊಡೆದರು: ಬಿದ್ದ ಗಿಡ ತೆಗೆಯಬೇಡಿ, ಸಮೀಕ್ಷೆಯವರು ಬಂದು ಫೋಟೊ ಹೊಡೆಯಬೇಕು. ನಾಲ್ಕನೆಯ ಓಣಿ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಎರಡಾಗಿತ್ತು.

"ಖರೇ ಹೇಳ್ತೀನ್ರಿ, ಹೊಟ್ಟಿ ಹಸದಿತ್ತು. ಕಾಲುವಿ ದಾಟಬೇಕಲ್ಲಪ್ಪ ಅನಿಸ್ತು. ಹೊಳೆಮ್ಮಕ್ಕಗ ಯಾರರ ಹೇಳ್ತಾರ ಬಿಡು ಅಂತ ಮನಿಗೆ ಹೋಗಿ ಉಂಡು ಮಲಕೊಂಡೆ. ಯಾರೂ ಹೇಳಲಿಲ್ರಿ. ನಾ ಹೇಳದ್ದನ್ನ ಮಂದಿ ಯಾಕ ಹೇಳ್ತಾರ?"

ಕಾಲುವೆಯಾಚೆ ಒಂದೂವರೆ ಎಕರೆ ತೋಟ ಇಟ್ಟುಕೊಂಡಿರುವ ಹೊಳೆಮ್ಮನಿಗೆ ಅರವತ್ತನಾಲ್ಕು. ಪಹಣಿ ಅವರ ಹೆಸರಿನಲ್ಲೇ ಇದೆ, ಕುಡುಗೋಲೂ ಅವರ ಕೈಯಲ್ಲೇ ಇದೆ. ಅವರ ಮನೆತನದಲ್ಲಿ ಅತ್ತೆಯ ಕಾಲದಿಂದ ಬಂದ ಒಂದು ನೇಮವಿದೆ. ಗೊನೆ ಹೊತ್ತ ಬಾಳೆ ಬಸುರಿ ಹೆಣ್ಣಿದ್ದಂತೆ. ಅದು ಬಿದ್ದರೆ ಬಿಸಿಲಿಗೆ ಒಣಗಲು ಬಿಟ್ಟು ನೋಡುತ್ತ ಕೂರಬಾರದು. ಬುಡಕ್ಕೆ ಅರಿಶಿನ ಹಚ್ಚಿ, ಗೊನೆ ಬಿಡಿಸಿ, ದಿಂಡನ್ನು ಆಕಳಿಗೂ ತಿಪ್ಪೆಗೂ ಸೇರಿಸಿ ನೆಲವನ್ನು ಹಸನು ಮಾಡಬೇಕು. ಆಗಲೇ ಮಗ್ಗುಲಿನ ಮರಿಗಳು ಹೆದರದೆ ಏಳುತ್ತವೆ ಎಂಬ ನಂಬಿಕೆ. ಹೊಳೆಮ್ಮ, ಸೊಸೆ ಮತ್ತು ಆರು ಜನ ಕೂಲಿಯವರು ಎರಡೇ ದಿನದಲ್ಲಿ ತೋಟವನ್ನು ಅಂಗಳದಂತೆ ಮಾಡಿಬಿಟ್ಟರು.

ಮೂರನೆಯ ದಿನ ಮಧ್ಯಾಹ್ನ ಜಂಟಿ ಸಮೀಕ್ಷೆಯವರು ಬಂದರು. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೆಳೆ ಹೋಗಿದ್ದರೆ ಮಾತ್ರ ಪರಿಹಾರ. ಹೋದದ್ದು ಕಣ್ಣಿಗೂ ಕ್ಯಾಮೆರಾಕ್ಕೂ ಕಾಣಬೇಕು. ಹೊಳೆಮ್ಮನ ತೋಟದಲ್ಲಿ ಉಳಿದ ಗಿಡಗಳು ನಿಂತಿದ್ದವು, ನಡುನಡುವೆ ಚೊಕ್ಕ ನೆಲವಿತ್ತು. ತೋಟಗಾರಿಕೆ ಇಲಾಖೆಯ ಸಹಾಯಕಿ ಅನ್ನಪೂರ್ಣ ಮೊಬೈಲು ಹಿಡಿದು ಸುತ್ತಲೂ ನೋಡಿದರು.

"ಅಜ್ಜೀ, ಇಲ್ಲಿ ಬಿದ್ದದ್ದು ಏನೂ ಇಲ್ಲಲ್ಲ? ಕೊಯ್ಲು ಆಗಿರೋ ತೋಟ ಇದ್ದಂಗ ಐತಿ. ಏನಂತ ಬರಕೊಳ್ಳಿ ನಾನು?"

"ಬಿದ್ದಿದ್ವವ್ವಾ. ತಗದೀವಿ."

"ಯಾಕ ತಗದ್ರಿ?"

"ಸತ್ತೋರನ್ನ ಯಾರರ ಅಂಗಳದಾಗ ಇಟಗೊಂಡು ಕುಂದರ್ತಾರೇನು?"

ಅನ್ನಪೂರ್ಣ ಮೊಬೈಲು ಚೀಲಕ್ಕಿಟ್ಟು ಮುಂದಿನ ತೋಟಕ್ಕೆ ಹೋದರು. ಮುಂದಿನ ವಾರ ಪಂಚಾಯಿತಿಯ ಗೋಡೆಯ ಮೇಲೆ ಪಟ್ಟಿ ಬಂತು. ಅದರಲ್ಲಿ ಎಂಬತ್ತೆಂಟು ಹೆಸರಿದ್ದವು, ಹೊಳೆಮ್ಮನದು ಇರಲಿಲ್ಲ. ಆಕ್ಷೇಪಣೆಗೆ ಏಳು ದಿನ ಎಂದು ಕೆಳಗೆ ಬರೆದಿತ್ತು. ಪಟ್ಟಿ ಅಂಟಿಸಿದವರು ಉಚ್ಚೆಂಗಪ್ಪನೇ. ಅಂಟಿನ ಕೈ ಒರೆಸಿಕೊಳ್ಳುತ್ತ ಅವರು ಹೆಸರುಗಳನ್ನು ಎರಡು ಸಲ ಓದಿದರು. ಅಲ್ಲಿಂದ ನೇರ ಕಾಲುವೆ ದಾಟಿದರು.

ಹೊಳೆಮ್ಮ ಬೈಯಲಿಲ್ಲ. ಅದೇ ಉಚ್ಚೆಂಗಪ್ಪನವರಿಗೆ ಹೆಚ್ಚು ಚುಚ್ಚಿತು. "ತಮ್ಮಾ, ನೀ ಒಂದು ಮಾತು ಹೇಳಿದ್ರ ಅರಿಶಿಣ ಹಚ್ಚಿ ಹಂಗ ಇಡ್ತಿದ್ದೆ. ದೇವ್ರು ನಾಕು ದಿನ ಸಮಾಧಾನ ಮಾಡಕೊಂತಿದ್ದ. ಈಗ ಮರಿಗಿ ಗೊಬ್ಬರ ಹಾಕಬೇಕು, ಹೊಸ ಗಳ ತರಬೇಕು. ಎಲ್ಲಿಂದ ತರ್ಲಿ?" ಎಂದಷ್ಟೇ ಅಂದರು.

ಆ ಸಂಜೆ ಉಚ್ಚೆಂಗಪ್ಪ ತೋಟದಲ್ಲಿ ಸುಮ್ಮನೆ ತಿರುಗಿದರು. ಹೊತ್ತು ಇಳಿದಿತ್ತು. ಬಿಸಿಲು ಅಡ್ಡಕ್ಕೆ ಬೀಳುತ್ತಿತ್ತು. ಮಧ್ಯಾಹ್ನ ಸಪಾಟಾಗಿ ಕಂಡಿದ್ದ ನೆಲದ ತುಂಬ ಈಗ ಬೊಗಸೆಬೊಗಸೆ ನೆರಳು. ಬಾಗಿ ನೋಡಿದರು. ಅವೆಲ್ಲ ಬುಡ ಕಿತ್ತ ತಗ್ಗುಗಳು. ಪ್ರತಿ ತಗ್ಗಿನ ಈಶಾನ್ಯದ ಅಂಚು ಅಮುಕಿದಂತೆ ತಗ್ಗಿತ್ತು, ನೈರುತ್ಯದ ಅಂಚಿನಲ್ಲಿ ಹರಿದ ಬೇರಿನ ನಾರು ಮೇಲೆದ್ದಿತ್ತು. ಒಂದಲ್ಲ, ಹತ್ತಲ್ಲ, ಎಲ್ಲವೂ ಒಂದೇ ಕಡೆಗೆ ಮುಖ ಮಾಡಿದ್ದವು.

ಅವರಿಗೆ ಈ ಓದು ಹೊಸದಲ್ಲ. ಹದಿನಾರರಿಂದ ಇಪ್ಪತ್ತಾರರವರೆಗೆ ಅವರು ಕಂಪ್ಲಿಯ ಒಂದು ಕಟ್ಟಿಗೆ ಅಡ್ಡೆಯಲ್ಲಿ ಹಮಾಲರಾಗಿದ್ದವರು. ಗಾಳಿಗೆ ಬಿದ್ದ ಮರಗಳ ಹರಾಜು ಹಿಡಿದ ಸಾಹುಕಾರರ ಲಾರಿಯಲ್ಲಿ ಸಂಡೂರಿನ ಕಡೆಗೆ ಹೋಗಿ, ನೀಲಗಿರಿ ದಿಮ್ಮಿ ಹೇರಿಕೊಂಡು ಬರುತ್ತಿದ್ದರು. ಬಿದ್ದ ಮರವನ್ನಷ್ಟೇ ಎತ್ತಬೇಕು, ಕಡಿದದ್ದನ್ನು ಮುಟ್ಟಿದರೆ ಕೇಸು. ಅರಣ್ಯದ ಗಾರ್ಡು ಬಂದು ಮೊದಲು ನೋಡುತ್ತಿದ್ದುದು ದಿಮ್ಮಿಯನ್ನಲ್ಲ, ಬುಡವನ್ನು.

"ಕೊಡ್ಲಿ ಬಿದ್ದ ಬುಡ ನೆಲದಾಗ ಸುಮ್ಮನ ಕುಂತಿರ್ತೈತ್ರಿ. ಗಾಳಿಗಿ ಬಿದ್ದ ಬುಡ ಹಂಗಲ್ಲ, ಬೇರು ಹರಕೊಂಡು ಮಣ್ಣು ಕಿತಗೊಂಡು ಏಳ್ತೈತಿ. ಗಾಳಿ ಯಾಕಡಿಯಿಂದ ಬಂತು ಅಂತ ಬುಡಾನ ಹೇಳ್ತೈತಿ. ಮರಕ್ಕ ಆದ್ರೇನು, ಬಾಳಿಗಿ ಆದ್ರೇನು? ಕೊಯ್ಲು ಮಾಡಿದ ಗಿಡದ ಗಡ್ಡಿ ಅಲ್ಲೇ ಉಳೀತೈತಿ. ಹೊಳೆಮ್ಮಕ್ಕನ ತ್ವಾಟದಾಗ ಗಡ್ಡೀನ ಇರ್ಲಿಲ್ಲ, ಕಿತಗೊಂಡು ಹೋಗಿದ್ವು."

ಆದರೆ ಆ ತಗ್ಗುಗಳಿಗೆ ಆಯುಷ್ಯ ಇರಲಿಲ್ಲ. ಎರಡೇ ದಿನಕ್ಕೆ ಹೊಳೆಮ್ಮನ ತೋಟಕ್ಕೆ ಕಾಲುವೆ ನೀರಿನ ಪಾಳಿ. ನೀರು ಹಾಯಿಸಿದರೆ ಮಣ್ಣು ಕುಸಿದು ತಗ್ಗುಗಳು ಮುಚ್ಚಿಹೋಗುತ್ತವೆ, ಸಾಕ್ಷಿ ಹೋಗುತ್ತದೆ. ನೀರು ಬಿಟ್ಟುಕೊಟ್ಟರೆ ಮುಂದಿನ ಪಾಳಿ ಹದಿನೈದು ದಿನಕ್ಕೆ; ಅಷ್ಟರಲ್ಲಿ ಮೇ ತಿಂಗಳ ಬಿಸಿಲಿಗೆ ಮರಿಗಳು ಸುಟ್ಟುಹೋಗುತ್ತವೆ. ಮರಿ ಹೋದರೆ ಬರುವ ವರ್ಷದ ಬೆಳೆಯೂ ಹೋದಂತೆ.

ಪಕ್ಕದ ಕಬ್ಬಿನ ಗದ್ದೆ ಕೊಟ್ರಯ್ಯನದು. ಅವರ ಪಾಳಿ ಆರು ದಿನದ ನಂತರ ಇತ್ತು. ಅವರಿಗೂ ಹೊಳೆಮ್ಮನಿಗೂ ಬದುವಿನ ಮೇಲಿನ ಒಂದು ಬೇವಿನ ಮರಕ್ಕಾಗಿ ಎಂಟು ವರ್ಷದಿಂದ ಮಾತಿಲ್ಲ. ಉಚ್ಚೆಂಗಪ್ಪ ಹೋಗಿ ಕೊಟ್ರಯ್ಯನ ಮನೆಯ ಕಟ್ಟೆಯ ಮೇಲೆ ಕುಳಿತರು.

"ಏನಪಾ, ಡಂಗುರ ಹೊಡೆಯೋನು ಸುಮ್ಮನ ಕುಂತಿ? ಹಲಗಿ ಒಡೀತೇನು?" ಎಂದು ಕೊಟ್ರಯ್ಯ ಕೆಣಕಿದರು.

"ಪಾಳಿ ಅದಲು-ಬದಲು ಮಾಡಕೋರಿ ಯಜಮಾನ್ರ. ಅಕ್ಕನ ನೀರು ನೀವು ತಗೋರಿ, ನಿಮ್ಮ ನೀರು ಅಕ್ಕಗ ಬಿಡ್ರಿ."

"ಆಕಿ ಕೇಳಿದ್ಲೇನು?"

"ಇಲ್ಲ. ನಾ ಕೇಳಾಕತ್ತೀನಿ. ತಪ್ಪು ನಂದು."

ಕೊಟ್ರಯ್ಯ ಎಲೆಗೆ ಸುಣ್ಣ ಸವರಿ ಮಡಚಿ ಬಾಯಿಗಿಟ್ಟುಕೊಂಡರು. ಆಮೇಲೆ ಸುಣ್ಣದ ಡಬ್ಬಿಯನ್ನು ಇವರತ್ತ ದೂಡಿದರು. "ಮರಿಗಳ ಜೋಡಿ ನನಗೇನು ಜಗಳ ಇಲ್ಲಪ್ಪ. ಆದ್ರ ಬೇವಿನ ಮರ ನಂದಽ, ಆಕಿಗಿ ಹೇಳು."

ಹೀಗೆ ಇನ್ನೂ ನಾಲ್ಕು ದಿನ ಸಿಕ್ಕಿತು. ಮರುದಿನ ನಸುಕಿಗೇ ಉಚ್ಚೆಂಗಪ್ಪ ಮತ್ತು ಹೊಳೆಮ್ಮ ತೋಟಕ್ಕಿಳಿದರು. ಉಚ್ಚೆಂಗಪ್ಪ ಸಾಲು ಹಿಡಿದು ಬಾಗುತ್ತ ಹೋಗುವುದು, ಒಂದೊಂದು ತಗ್ಗಿನ ಅಂಚಿಗೂ ಸುಣ್ಣದ ಒಂದು ಬೊಟ್ಟು ಇಡುವುದು. ಆಕೆ ಹಿಂದಿನಿಂದ ಎಣಿಸುವುದು. ಒಮ್ಮೆ ಎಣಿಸಿದ್ದನ್ನು ಮತ್ತೆ ಎಣಿಸಬಾರದಲ್ಲ! ನೂರಾದಾಗೊಮ್ಮೆ ಹೊಳೆಮ್ಮ ಸೆರಗಿನಲ್ಲಿ ಒಂದು ಗಂಟು ಹಾಕುತ್ತಿದ್ದರು. ಬಿಸಿಲು ಏರುತ್ತಲೇ ನೆರಳು ಹೋಗುತ್ತದೆ, ತಗ್ಗು ಕಾಣುವುದಿಲ್ಲ. ಅದಕ್ಕಾಗಿ ಎಂಟು ಗಂಟೆಗೆ ನಿಲ್ಲಿಸಿ, ಉಳಿದದ್ದನ್ನು ಮಾರನೆಯ ನಸುಕಿಗೆ ಮುಗಿಸಿದರು. ಸೆರಗಿನಲ್ಲಿ ಒಂಬತ್ತು ಗಂಟು, ಮೇಲೆ ಮೂವತ್ತನಾಲ್ಕು. ಸಾವಿರದ ಆರುನೂರು ಗಿಡದ ತೋಟದಲ್ಲಿ ಬಿದ್ದವು ಒಂಬೈನೂರ ಮೂವತ್ತನಾಲ್ಕು.

ಹೊಳೆಮ್ಮನ ಹೆಬ್ಬೆಟ್ಟಿನ ಆಕ್ಷೇಪಣೆ ಅರ್ಜಿ ಕಚೇರಿಗೆ ಹೋಯಿತು. ಅದರ ಬೆನ್ನಿಗೇ ಅನ್ನಪೂರ್ಣ ಅವರಿಗೆ ಉಚ್ಚೆಂಗಪ್ಪನವರ ಫೋನು.

"ಮೇಡಂ, ನಾಳಿ ಮುಂಜಾನಿ ಆರಕ್ಕ ಬರಬೇಕು."

"ಆರಕ್ಕ ಹೊಸಪೇಟೆಯಿಂದ ಬಸ್ಸೇ ಇರಂಗಿಲ್ಲ ಉಚ್ಚೆಂಗಪ್ಪಣ್ಣ. ಹನ್ನೊಂದಕ್ಕ ಬರ್ತೀನಿ."

"ಹನ್ನೊಂದಕ್ಕ ಬಂದ್ರ ನೆಲ ಸುಳ್ಳು ಹೇಳ್ತೈತ್ರಿ ಮೇಡಂ. ಮುಂಜಾನಿ ಅಷ್ಟ ಖರೇ ಹೇಳ್ತೈತಿ."

ಮರುದಿನ ಅನ್ನಪೂರ್ಣ ತಮ್ಮ ಅಣ್ಣನ ಬೈಕಿನಲ್ಲಿ ಆರೂ ಕಾಲಿಗೆ ಬಂದಿಳಿದರು. ಬದುವಿನ ಮೇಲೆ ನಿಂತು ನೋಡಿದರು. ಎಳೆಬಿಸಿಲಿನಲ್ಲಿ ತೋಟದುದ್ದಕ್ಕೂ ಸಾಲುಸಾಲು ನೆರಳಿನ ಬೊಗಸೆಗಳು, ಪ್ರತಿ ಬೊಗಸೆಯ ಅಂಚಿಗೂ ಬಿಳಿ ಬೊಟ್ಟು. ಹತ್ತು ಸಾಲುಗಳನ್ನು ತಾವೇ ಆರಿಸಿ ಎಣಿಸಿದರು. ಎರಡು ತಗ್ಗಿಗೆ ಕೈ ಹಾಕಿ ಬೇರಿನ ನಾರು ಮುಟ್ಟಿ ನೋಡಿದರು. ಲೆಕ್ಕ ಹೊಂದಿತು. ಆಮೇಲೆ ಒಂದೊಂದೇ ಸಾಲಿನ ಫೋಟೊ ತೆಗೆದರು.

"ನನಗ ಕಾಲೇಜಿನ್ಯಾಗ ಇದನ್ನ ಯಾರೂ ಹೇಳಿಕೊಟ್ಟಿರಲಿಲ್ಲ" ಎನ್ನುವ ಅನ್ನಪೂರ್ಣ, ಈಗ ಬೇರೆ ಊರುಗಳ ತಕರಾರಿನ ತೋಟಗಳಿಗೂ ಬೆಳಗಿನ ಹೊತ್ತಿನಲ್ಲೇ ಹೋಗುತ್ತಾರೆ.

ಸುದ್ದಿ ಕಂಪ್ಲಿಗೂ ಮುಟ್ಟಿತು. ಉಚ್ಚೆಂಗಪ್ಪ ದುಡಿದಿದ್ದ ಕಟ್ಟಿಗೆ ಅಡ್ಡೆಯನ್ನು ಈಗ ನೋಡಿಕೊಳ್ಳುತ್ತಿರುವವರು ಅಂದಿನ ಸಾಹುಕಾರರ ಮಗ ಕನಕರಾಜ್. ಅದೇ ಗಾಳಿಗೆ ಅಡ್ಡೆಯ ಹಿಂದಿನ ಹುಣಸೆ ಮರ ಉರುಳಿ, ಗರಗಸದ ಶೆಡ್ಡು ಜಜ್ಜಿಹೋಗಿತ್ತು. ಆ ಸಲದ ಪರಿಹಾರದಲ್ಲಿ ಬಿದ್ದ ಶೆಡ್ಡುಗಳಿಗೂ ಒಂದಿಷ್ಟು ಇತ್ತು. ಆದರೆ ಕಟ್ಟಿಗೆ ವ್ಯಾಪಾರಿಯ ಅಂಗಳದಲ್ಲಿ ಮರ ತಾನಾಗಿ ಬಿತ್ತು ಎಂದರೆ ಯಾರು ನಂಬಬೇಕು? ಇವರೇ ಕಡಿದು ಕೆಡವಿರಬೇಕು ಎಂಬ ಗುಮಾನಿ ಎದ್ದು ಅರ್ಜಿ ನಿಂತಿತ್ತು. ಉಚ್ಚೆಂಗಪ್ಪ ಒಂದು ಭಾನುವಾರ ಹೋಗಿ, ಬುಡದ ಮಣ್ಣು ಬಿಡಿಸಿ, ಹರಿದ ಬೇರುಗಳನ್ನು ಬಂದವರಿಗೆ ತೋರಿಸಿದರು. ಶೆಡ್ಡಿನ ತಗಡಿಗೆ ಹಣ ಬಂತು. ಜಜ್ಜಿಹೋದ ದಿಮ್ಮಿಗಳಿಗೆ ನಿಯಮದಲ್ಲಿ ಜಾಗವಿರಲಿಲ್ಲ, ಬರಲಿಲ್ಲ.

"ಅಡ್ಡೆದಾಗ ಹುಟ್ಟಿ ಬೆಳದೋನು ನಾನು. ಬುಡ ಓದೋ ಇದ್ಯೆ ಹಮಾಲಗ ಹೋತು ನೋಡ್ರಿ" ಎಂದು ಕನಕರಾಜ್ ನಗುತ್ತಾರೆ. ಕೂಲಿ ಕೊಡಲು ಹೋದರೆ ಉಚ್ಚೆಂಗಪ್ಪ ತೆಗೆದುಕೊಳ್ಳಲಿಲ್ಲ. ಹೊಳೆಮ್ಮಕ್ಕನಿಗೆ ಆಸರೆಯ ಗಳಗಳನ್ನು ಮುಂದಾಗಿ ಕೊಡಿ, ಅವರಿಗೆ ಪರಿಹಾರ ಬಂದಾಗ ಇಸಿದುಕೊಳ್ಳಿ ಎಂದರಂತೆ. ಕನಕರಾಜ್ ಒಂದು ಟ್ರ್ಯಾಕ್ಟರ್ ತುಂಬ ಗಳಗಳನ್ನು ಕಳಿಸಿದರು.

ಎರಡನೆಯ ಪಟ್ಟಿಯಲ್ಲಿ ಹೊಳೆಮ್ಮನ ಹೆಸರಿತ್ತು. ಆದರೂ ಬ್ಯಾಂಕಿಗೆ ಬರುವವರೆಗೆ ಯಾರಿಗೂ ನಂಬಿಕೆ ಇಲ್ಲ. ಆಗಸ್ಟಿನ ಒಂದು ಬೆಳಿಗ್ಗೆ ಹೊಳೆಮ್ಮ ಮೊಬೈಲನ್ನು ಸೆರಗಿನಲ್ಲಿ ಸುತ್ತಿಕೊಂಡು, ಕಾಲುವೆ ದಾಟಿ ಉಚ್ಚೆಂಗಪ್ಪನವರ ಮನೆಗೆ ಬಂದರು.

"ಟಿಣ್ ಅಂತು ತಮ್ಮಾ. ಓದು."

ಉಚ್ಚೆಂಗಪ್ಪ ಬ್ಯಾಂಕಿನ ಸಂದೇಶ ಓದಿದರು. ಆಕೆ ಇನ್ನೊಮ್ಮೆ ಓದು ಎಂದರು, ಇವರು ಮತ್ತೆ ಓದಿದರು. ಹೊಳೆಮ್ಮ ಮೆಟ್ಟಿಲ ಮೇಲೆ ಕುಳಿತು ಒಂದು ದೊಡ್ಡ ಉಸಿರು ಬಿಟ್ಟರು. ಬೆಳೆಗೆ ಸುರಿದದ್ದರ ಅರ್ಧಕ್ಕೂ ಆಗದ ಮೊತ್ತ. ಮರಿಗಳ ಗೊಬ್ಬರಕ್ಕೂ ಗಳದ ಬಾಕಿಗೂ ಸರಿಹೋಗುತ್ತಿತ್ತು. ಅಷ್ಟು ಸಾಕಾಗಿತ್ತು. ಹುಲುಗಮ್ಮ ಚಹಾ ತಂದಿಟ್ಟರು. ಹೊಳೆಮ್ಮ ಚಹಾ ಕುಡಿದು, ಏಳುವಾಗ ಹೇಳಿದರಂತೆ: "ಆ ಕೊಟ್ರಯ್ಯಗ ಹೇಳು. ಬೇವಿನ ಮರ ಆತಂದಽ ಇರ್ಲಿ. ನೆರಳು ನನ್ನ ಕಡೀಗೇ ಬೀಳ್ತೈತಿ."

ಉಚ್ಚೆಂಗಪ್ಪನವರಿಗೆ ಇನ್ನು ಮೂರು ವರ್ಷ ಸೇವೆ ಉಳಿದಿದೆ. ಸನ್ಮಾನ, ಪ್ರಶಸ್ತಿಯ ಮಾತೆತ್ತಿದರೆ ಅವರಿಗೆ ಮುಜುಗರ. "ತಪ್ಪು ಮಾಡಿದ್ದು ನಾನು, ತಿದ್ದಿದ್ದೂ ನಾನು. ಅದರಾಗ ಏನು ಶಾಲು ಹಾಕ್ತೀರಿ?" ಎನ್ನುತ್ತಾರೆ. ಆಸೆ ಏನಾದರೂ ಇದೆಯೇ ಎಂದರೆ ಒಂದನ್ನು ಹೇಳುತ್ತಾರೆ. "ನನ್ನ ಹಿಂದ ಬರೋನು ಹಲಗಿ ಹೊಡೀತಾನೋ, ಮೈಕ್ ಹಿಡೀತಾನೋ, ಅವನಿಗಿ ಬಿಟ್ಟದ್ದು. ಆದ್ರ ಕಾಲುವಿ ಆಚಿಂದ ಸುರು ಮಾಡ್ಲಿ. ದೂರದ ಮನಿ ಮೊದ್ಲು. ಹೂಂ ಅನ್ನೋತನಕ ಅಲ್ಲೇ ನಿಂದರ್ಲಿ."

ಈ ಬೆಳಿಗ್ಗೆಯೂ ಅವರು ನಿಂತೇ ಇದ್ದಾರೆ. ಕೂಗಿ ಐದು ನಿಮಿಷವಾಗಿದೆ. ಬೆಳಕು ಹರಿಯುತ್ತಿದೆ. ಬದುವಿನಿಂದಲೇ ಕಣ್ಣಾಡಿಸಿ ಬಿದ್ದ ಗಿಡಗಳನ್ನು ಎಣಿಸಿಕೊಂಡಿದ್ದಾರೆ: ಹದಿನೇಳು. ಕನಕರಾಜ್ ಕಳಿಸಿದ ಗಳಗಳು ಈ ಗಾಳಿಯನ್ನು ತಡೆದಿವೆ. ಹೋದ ವರ್ಷದ ಮರಿಗಳು ಈಗ ಗೊನೆ ಹೊತ್ತು, ಇಬ್ಬನಿ ಸುರಿಸುತ್ತ ನಿಂತಿವೆ. ಹದಿನೇಳಕ್ಕೆ ಪರಿಹಾರ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಆದರೂ ಅವರು ಅಲ್ಲಿಂದ ಕದಲುವುದಿಲ್ಲ. ಹಲಗೆಗೆ ಮತ್ತೆ ಮೂರು ಪೆಟ್ಟು ಹಾಕುತ್ತಾರೆ.

ಬಾಗಿಲು ಕಿರ್ರೆನ್ನುತ್ತದೆ. ಹೊಳೆಮ್ಮ ಕೈಯಲ್ಲಿ ಅರಿಶಿನದ ಬಟ್ಟಲು ಹಿಡಿದು ಹೊರಬರುತ್ತಾರೆ. ಕುಡುಗೋಲು ಬಾಗಿಲ ಹಿಂದೆಯೇ ಇದೆ.

"ಹೂಂನಪ್ಪಾ, ಹೂಂ! ಕೇಳಿಸ್ತು. ಇನ್ನ ಹೋಗಿ ಊರು ಎಬ್ಬಸು."